ಅನಾಗತಾಬಾಧಪ್ರತಿಷೇಧ: ಪ್ರಸವದ ಶಸ್ತ್ರಕ್ರಿಯೆಯಲ್ಲಿ ರಕ್ತದೊತ್ತಡದ ರಕ್ಷಣೆ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 24ನೆಯ ಅಧ್ಯಾಯಕ್ಕೆ ‘ಅನಾಗತಾಬಾಧಪ್ರತಿಷೇಧ’ವೆಂದು ಹೆಸರು. ಇನ್ನೂ ಬಾರದಿರುವ ಬಾಧೆಯನ್ನು ಮುಂದಾಗಿಯೇ ತಡೆಯುವುದು ಎಂದು ಈ ಸಮಾಸದ ಅರ್ಥ. ಆ ಅಧ್ಯಾಯದಲ್ಲಿ ಹೇಳಿರುವುದು ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನ, ನಿದ್ರೆ ಮೊದಲಾದ ದಿನಚರ್ಯೆಯ ವಿಷಯವೇ ಹೊರತು ಶಸ್ತ್ರಕರ್ಮದ ವಿಷಯವಲ್ಲ. ಆದರೂ ಹೆಸರಿನಲ್ಲಿ ಅಡಗಿರುವ ತತ್ತ್ವವು ಅಧ್ಯಾಯದ ಎಲ್ಲೆಯನ್ನು ಮೀರಿದುದು. ಬಾಧೆಯು ಬಂದಮೇಲೆ ಮಾಡುವ ಪ್ರತೀಕಾರ ಒಂದು. ಬರುವುದಕ್ಕೆ ಮೊದಲು ಮಾಡುವ ಪ್ರತಿಷೇಧ ಇನ್ನೊಂದು. ಇವೆರಡರ ನಡುವಣ ಅಂತರವು ಎಷ್ಟು ದೊಡ್ಡದೆಂಬುದನ್ನು ಆಧುನಿಕ ವೈದ್ಯದ ಒಂದು ಸಣ್ಣ ಪ್ರಕರಣವು ಚೆನ್ನಾಗಿ ತೋರಿಸಿಕೊಡುತ್ತದೆ. ಹೊಟ್ಟೆಯನ್ನು ಕೊಯ್ದು ಶಿಶುವನ್ನು ತೆಗೆಯುವ ಸಿಝೇರಿಯನ್ ಶಸ್ತ್ರಕ್ರಿಯೆಗಾಗಿ ತಾಯಿಯ ಬೆನ್ನಿಗೆ ಅರಿವಳಿಕೆಯ ಮದ್ದನ್ನು ಚುಚ್ಚಿದಾಗ ಅವಳ ರಕ್ತದೊತ್ತಡವು ಥಟ್ಟನೆ ಇಳಿಯುವುದೂ, ಆ ಇಳಿತವನ್ನು ತಡೆಯಲು ವೈದ್ಯರು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ಪ್ರಯತ್ನವೂ ಆ ಪ್ರಕರಣ. ಅದರ ಚರಿತ್ರೆಯ ಆದಿಭಾಗವು ಹೈದರಾಬಾದು ಸಂಸ್ಥಾನಕ್ಕೂ, ಈಚಿನ ಭಾಗವು ಆ ಸಂಸ್ಥಾನದಲ್ಲಿ ಒಂದು ಕಾಲಕ್ಕೆ ಸೇರಿದ್ದ ರಾಯಚೂರು ಜಿಲ್ಲೆಗೂ ಸಂಬಂಧಪಟ್ಟಿರುವುದರಿಂದ ಕನ್ನಡ ನಾಡಿನ ಇತಿಹಾಸದಲ್ಲಿಯೂ ಇದಕ್ಕೆ ಸ್ಥಾನವುಂಟು.

1. ಪ್ರದೇಶ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲೆ ಒಂದರ ಅನಂತರ ಒಂದು ಬರುತ್ತವೆ. ಮೂರಕ್ಕೂ ಬೇರೆಬೇರೆ ವಿಧದ ಹೆಸರು. ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಅವನ ಹೆಸರಿನಿಂದಲೇ ಸ್ಥಿರಪಡಿಸಿತು. ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಠಾಣ್ಯವಾಗಿತ್ತು. 1853ರ ಒಪ್ಪಂದದಂತೆ ಈ ದೋ‌ಆಬು ಇಂಗ್ಲಿಷರ ವಶಕ್ಕೆ ಬಂದು 1860ರಲ್ಲಿ ನಿಜಾಮರಿಗೆ ಹಿಂದಿರುಗಿತು. ಲಿಂಗಸುಗೂರು 1905ರ ವರೆಗೆ ಪ್ರತ್ಯೇಕ ಜಿಲ್ಲೆಯ ಹೆಸರೂ ಆಗಿತ್ತು. ಸಿಂಧನೂರಿನ ಹೆಸರು ಹೆಚ್ಚಾಗಿ ಕೇಳಬಂದುದು ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದಮೇಲೆ. ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಬತ್ತದ ಗದ್ದೆಗಳಾದುವು. ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಅದರ ಸುತ್ತ ನೆಲೆಗೊಂಡುವು.

ಮಸ್ಕಿಯ ಶಾಸನದಲ್ಲಿ ಚಿಕಿತ್ಸೆಯ ವಿಷಯವಿಲ್ಲ. ಆದರೆ ಅದೇ ಅಶೋಕನ ಎರಡನೆಯ ಮಹಾಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದುದನ್ನೂ, ಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳಿದೆ. ಅದರ ಒಂದು ಪ್ರತಿಯು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮದ್ದು ಇಲ್ಲದ ಕಡೆಗೆ ಮದ್ದನ್ನು ತಂದೊದಗಿಸುವುದು ಆಳುವವನ ಧರ್ಮವೆಂಬ ಮಾತು ಈ ಸೀಮೆಗೆ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

2. ಬಾಧೆಯ ಸ್ವರೂಪ

ಮುಂದಿನ ಚರಿತ್ರೆಯನ್ನು ತಿಳಿಯಬೇಕಾದರೆ ಬಾಧೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಬೆನ್ನೆಲುಬಿನ ಒಳಗೆ ಬೆನ್ನುಹುರಿಯೂ, ಅದನ್ನು ಸುತ್ತಿರುವ ತಿಳಿಯಾದ ದ್ರವವೂ ಇವೆ. ಹುರಿಯು ಸೊಂಟದ ಮೊದಲನೆಯ ಕಶೇರುವಿನ ಸಮೀಪದಲ್ಲಿ ಮುಗಿಯುತ್ತದೆ. ಅದಕ್ಕಿಂತ ಕೆಳಗೆ, ಸೊಂಟದ ಮೂರನೆಯ ಮತ್ತು ನಾಲ್ಕನೆಯ ಕಶೇರುಗಳ ನಡುವೆ, ಕೂದಲಿನಷ್ಟು ಸಣ್ಣ ಸೂಜಿಯಿಂದ ಎರಡು ಮಿಲಿಲೀಟರಿನಷ್ಟು ಮದ್ದನ್ನು ಆ ದ್ರವದಲ್ಲಿ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ದೇಹದ ಕೆಳಭಾಗದ ನೋವೆಲ್ಲ ಅಡಗುತ್ತದೆ. ತಾಯಿಗೆ ಎಚ್ಚರವಿರುತ್ತದೆ, ಶಿಶುವಿನ ಮೊದಲನೆಯ ಅಳು ಅವಳ ಕಿವಿಗೆ ಬೀಳುತ್ತದೆ. ಪೂರ್ಣ ಪ್ರಜ್ಞೆ ತಪ್ಪಿಸುವ ಅರಿವಳಿಕೆಯಲ್ಲಿ ಗರ್ಭಿಣಿಗೆ ಉಂಟಾಗಬಹುದಾದ ಶ್ವಾಸದ ಗಂಡಾಂತರಗಳು ಇದರಲ್ಲಿ ಬಹುಮಟ್ಟಿಗೆ ತಪ್ಪುತ್ತವೆ. ಆದುದರಿಂದಲೇ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಸಿಝೇರಿಯನ್ನಿಗೆ ಸಾಮಾನ್ಯವಾಗಿ ಈ ವಿಧಾನವನ್ನೇ ಅನುಸರಿಸುವುದು.

ಆದರೆ ಗುಣವಿದ್ದಲ್ಲಿಯೇ ದೋಷವೂ ಇದೆ. ನೋವನ್ನು ಒಯ್ಯುವ ನರಗಳ ಜತೆಯಲ್ಲಿಯೇ ರಕ್ತನಾಳಗಳನ್ನು ಬಿಗಿಹಿಡಿದಿರುವ ಅನುವೇದಕ ನರಗಳೂ ಬೆನ್ನುಹುರಿಯಿಂದ ಹೊರಡುತ್ತವೆ. ಕಾಲಿನ ಶಸ್ತ್ರಕ್ರಿಯೆಗೆ ಅರಿವಳಿಕೆಯು ಸೊಂಟದವರೆಗೆ ಏರಿದರೆ ಸಾಕು. ಸಿಝೇರಿಯನ್ನಿಗೆ ಎದೆಯ ಮಟ್ಟದವರೆಗೆ ಏರಬೇಕು. ಅಷ್ಟು ಎತ್ತರಕ್ಕೆ ಏರಿದಾಗ ಅನುವೇದಕ ನರಗಳಲ್ಲಿ ಹೆಚ್ಚಿನವು ಒಮ್ಮೆಗೇ ಸುಮ್ಮನಾಗುತ್ತವೆ. ನಾಳಗಳು ಸಡಿಲವಾಗಿ ರಕ್ತವು ಕಾಲುಗಳಲ್ಲಿಯೂ ಹೊಟ್ಟೆಯಲ್ಲಿಯೂ ತಂಗುತ್ತದೆ. ಇದಲ್ಲದೆ, ತುಂಬು ಬಸುರಿಯು ಅಂಗಾತ ಮಲಗಿದಾಗ ಗರ್ಭಕೋಶದ ಭಾರವು ಕೆಳಗಿನ ಮಹಾಸಿರೆಯನ್ನು ಬೆನ್ನೆಲುಬಿಗೆ ಒತ್ತಿ ಹೃದಯಕ್ಕೆ ಮರಳುವ ರಕ್ತಕ್ಕೆ ಅಡ್ಡವಾಗುತ್ತದೆ. ಈ ಎರಡು ಕಾರಣಗಳು ಕೂಡಿದಾಗ ಒತ್ತಡವು ಇಳಿಯದೆ ಇರುವುದೇ ಅಪರೂಪ. ಯಾವ ತಡೆಯನ್ನೂ ಕೈಕೊಳ್ಳದಿದ್ದರೆ ಅರ್ಧಕ್ಕಿಂತ ಹೆಚ್ಚು ಮಂದಿ ತಾಯಂದಿರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮೊದಲು ಓಕರಿಕೆ, ವಾಂತಿ, ಕಣ್ಣುಕತ್ತಲೆ. ಮಿತಿ ಮೀರಿದರೆ ಪ್ರಜ್ಞೆ ತಪ್ಪುವುದು, ಹೃದಯ ನಿಲ್ಲುವುದು. ಶಿಶುವಿಗೂ ಇದರಿಂದ ಹಾನಿಯುಂಟು. ಮೆದುಳಿನ ನಾಳಗಳು ಒತ್ತಡ ತಗ್ಗಿದರೂ ಒಂದು ಮಿತಿಯವರೆಗೆ ತಮಗೆ ಬೇಕಾದ ರಕ್ತವನ್ನು ಎಳೆದುಕೊಳ್ಳಬಲ್ಲುವು. ಗರ್ಭಕೋಶದ ನಾಳಗಳಿಗೆ ಆ ಶಕ್ತಿ ಬಹಳ ಕಡಿಮೆ. ತಾಯಿಯ ಒತ್ತಡ ಇಳಿದಷ್ಟೂ ಮಾಸಿಗೆ ಹೋಗುವ ರಕ್ತವೂ ಇಳಿಯುತ್ತದೆ.

3. ಹೈದರಾಬಾದಿನ ಕ್ಲೋರೋಫಾರ್ಮ್ ವಿಚಾರಣೆ

ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿಯುವುದು ಅಪಾಯವೇ ಅಲ್ಲವೇ ಎಂಬ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ವಿಚಾರಿಸಿದ ಮೊದಲ ಸ್ಥಳಗಳಲ್ಲಿ ಹೈದರಾಬಾದು ಒಂದು. ಎಡಿನ್‌ಬರೋದ ಸಿಂಪ್ಸನ್ನನು 1847ರಲ್ಲಿ ಹೆರಿಗೆಯ ನೋವಿಗೆ ಕ್ಲೋರೋಫಾರ್ಮನ್ನು ಬಳಕೆಗೆ ತಂದ ಮೇಲೆ ಅದರಿಂದ ಆಗಾಗ್ಗೆ ಆಕಸ್ಮಿಕ ಮರಣಗಳು ಸಂಭವಿಸುತ್ತಿದ್ದುವು. ಸಾವಿಗೆ ಕಾರಣ ಹೃದಯವೋ ಶ್ವಾಸವೋ ಎಂಬುದರಲ್ಲಿ ಎರಡು ಪಕ್ಷಗಳಾದುವು. ಲಂಡನ್ನಿನವರು ನಾಡಿಯನ್ನು ನೋಡಬೇಕೆಂದರು. ಎಡಿನ್‌ಬರೋದವರು ಉಸಿರನ್ನು ನೋಡಿದರೆ ಸಾಕೆಂದರು. ಹೈದರಾಬಾದಿನ ರೆಸಿಡೆನ್ಸಿಯ ವೈದ್ಯನೂ ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥನೂ ಆಗಿದ್ದ ಎಡ್ವರ್ಡ್ ಲಾರಿಯು ಎಡಿನ್‌ಬರೋದ ಸೈಮನ ಶಿಷ್ಯ. ತನ್ನ ಗುರುವಿನ ಪಕ್ಷವನ್ನು ಸ್ಥಾಪಿಸುವ ಉದ್ದೇಶದಿಂದ ಅವನು 1888ರಲ್ಲಿ ಒಂದು ವಿಚಾರಣಾ ಮಂಡಲಿಯನ್ನು ಏರ್ಪಡಿಸಿ ನಾಯಿಗಳ ಮೇಲೆ ಪ್ರಯೋಗಗಳನ್ನು ಮಾಡಿಸಿದನು. ‘ಲ್ಯಾನ್ಸೆಟ್’ ಪತ್ರಿಕೆಯು ಅದರ ತೀರ್ಮಾನವನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಆಲೀಖಾನರು, ಇಂಗ್ಲೆಂಡಿನಿಂದ ಒಬ್ಬ ಪ್ರವೀಣನನ್ನು ಕಳುಹಿಸುವುದಾದರೆ ಅದರ ವೆಚ್ಚಕ್ಕೆ ಸಾವಿರ ಪೌಂಡುಗಳನ್ನು ಕೊಡುವುದಾಗಿ ತಿಳಿಸಿದರು. ಅದರಂತೆ ಲಾಡರ್ ಬ್ರಂಟನ್ 1889ರಲ್ಲಿ ಹೈದರಾಬಾದಿಗೆ ಬಂದನು. ಎರಡನೆಯ ಮಂಡಲಿಯು ನಾಯಿ, ಕೋತಿ, ಆಡು, ಕುದುರೆ ಮೊದಲಾದ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಅನೇಕ ಪ್ರಾಣಿಗಳ ರಕ್ತದೊತ್ತಡವನ್ನು ತಿರುಗುವ ಉರುಳೆಯ ಮೇಲೆ ಗೆರೆಗಳಾಗಿ ಬರೆಯಿಸಿತು. ಲಾರಿಯ ವೈದ್ಯಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದೂನ್‌ಜೀ ಎಂಬ ಪಾರಸಿ ಮಹಿಳೆಯು ಆ ಕಾಲದಲ್ಲಿ ಅಲ್ಲಿ ಕ್ಲೋರೋಫಾರ್ಮ್ ಕೊಡುವುದರಲ್ಲಿ ಪರಿಣತಿ ಪಡೆದಳು. ಅರಿವಳಿಕೆಯನ್ನೇ ವೃತ್ತಿಯಾಗಿ ಮಾಡಿಕೊಂಡ ಮಹಿಳೆಯರಲ್ಲಿ ಜಗತ್ತಿಗೇ ಮೊದಲಿಗಳೆಂದು ಅವಳನ್ನು ಹೇಳುವುದುಂಟು.

ಮಂಡಲಿಯು ತಲಪಿದ ಸಿದ್ಧಾಂತ ಹೀಗೆ: ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ, ರಕ್ತದೊತ್ತಡದ ಇಳಿತವು ತಾನಾಗಿ ಅಪಾಯಕರವಲ್ಲ, ಆದುದರಿಂದ ಕ್ಲೋರೋಫಾರ್ಮ್ ಕೊಡುವವನು ನಾಡಿಯನ್ನು ಬಿಟ್ಟು ಉಸಿರಿನ ಮೇಲೆಯೇ ಗಮನವಿಡಬೇಕು. ಒತ್ತಡ ತಗ್ಗುವುದು ವಿಷವು ಬೇಗನೆ ಹರಡದಂತೆ ದೇಹವು ಮಾಡಿಕೊಳ್ಳುವ ರಕ್ಷಣೆಯೆಂಬ ವರೆಗೂ ಲಾರಿಯ ಪಕ್ಷವು ಹೋಯಿತು.

ಈ ಸಿದ್ಧಾಂತವು ಬಹುಕಾಲ ನಿಲ್ಲಲಿಲ್ಲ. ಕೇಂಬ್ರಿಜಿನ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರು 1893ರಲ್ಲಿ, ಒತ್ತಡವು ಇಳಿಯುವುದಕ್ಕೆ ಕಾರಣ ಕ್ಲೋರೋಫಾರ್ಮು ಹೃದಯದ ಮೇಲೆಯೇ ನೇರವಾಗಿ ಮಾಡುವ ಪರಿಣಾಮವೆಂದು ತೋರಿಸಿದರು. 1911ರಲ್ಲಿ ಲೆವಿಯೆಂಬ ವೈದ್ಯನು, ಕ್ಲೋರೋಫಾರ್ಮನ್ನು ಸ್ವಲ್ಪವೇ ಕೊಟ್ಟಾಗಲೂ ಹೃದಯವು ಕಂಪನಕ್ಕೆ ಒಳಗಾಗಿ ಥಟ್ಟನೆ ನಿಂತುಬಿಡಬಹುದೆಂಬುದನ್ನು ಬೆಕ್ಕುಗಳಲ್ಲಿ ಸಿದ್ಧಪಡಿಸಿದನು. ಇಷ್ಟು ಪ್ರಾಣಿಗಳನ್ನು ಬಲಿಕೊಟ್ಟು, ರಾಜಾಶ್ರಯವನ್ನೂ ವಿದೇಶದ ಪಂಡಿತನ ಸಮ್ಮತಿಯನ್ನೂ ಪಡೆದು ಮಾಡಿದ ನಿರ್ಣಯವು ತಪ್ಪಾದುದೇಕೆ? ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಹಿಡಿದ ವ್ಯಾಪ್ತಿಯು ಸೋಪಾಧಿಕವಾಗಿತ್ತು. ಹೊಗೆಯಿರುವಲ್ಲಿ ಬೆಂಕಿಯಿರುತ್ತದೆಂಬುದು ನಿರುಪಾಧಿಕವಾದ ವ್ಯಾಪ್ತಿ. ಬೆಂಕಿಯಿರುವಲ್ಲಿ ಹೊಗೆಯಿರುತ್ತದೆಂಬುದು ಹಾಗಲ್ಲ, ಹಸಿಯ ಸೌದೆಯೆಂಬ ಉಪಾಧಿಯಿದ್ದರೆ ಮಾತ್ರ ಅದು ನಿಜ. ಹಾಗೆಯೇ, ಒತ್ತಡ ಇಳಿದರೂ ಬದುಕುವುದೆಂಬುದು ಆರೋಗ್ಯವಾಗಿದ್ದ ಪ್ರಾಣಿಗಳಿಗೆ, ಗಾಢವಾದ ಅರಿವಳಿಕೆಯಲ್ಲಿ, ಎಂಬ ಉಪಾಧಿಗೆ ಒಳಪಟ್ಟಿತ್ತು. ರಕ್ತ ಕಡಿಮೆಯಿರುವ, ಹೆದರಿದ, ಹೆರಿಗೆಯಿಂದ ಬಳಲಿದ ಹೆಂಗಸಿಗೆ ಅದನ್ನು ಅನ್ವಯಿಸುವುದಕ್ಕೆ ಆಧಾರವಿರಲಿಲ್ಲ. ಇದೇ ವಿಧದ ಸೋಪಾಧಿಕ ವ್ಯಾಪ್ತಿಯು ಮುಂದೆಯೂ ಮೇಲಿಂದಮೇಲೆ ಕಾಣಬರುತ್ತದೆ.

4. ಬೆನ್ನಿನ ಅರಿವಳಿಕೆಯೂ ಸೋಮಲತೆಯೂ

ಜರ್ಮನಿಯ ಆಗಸ್ಟ್ ಬಿಯರನು 1898ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಬೆನ್ನಿನ ದ್ರವದಲ್ಲಿ ಕೊಕೇನನ್ನು ಬೆರೆಸಿ ಶಸ್ತ್ರಕ್ರಿಯೆ ಮಾಡಿದನು. ಕೆಲವು ದಿನಗಳಲ್ಲಿಯೇ ತನ್ನ ಮೇಲೂ ತನ್ನ ಸಹಾಯಕನ ಮೇಲೂ ಅದನ್ನು ಪ್ರಯೋಗಿಸಿ ನೋಡಿದನು. 1900ರಲ್ಲಿ ಬಾಸೆಲ್ ನಗರದ ಕ್ರೈಸನು ಹೆರಿಗೆಯಲ್ಲಿ ಅದನ್ನು ಬಳಸಿದನು. ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ಅಳೆಯುವ ರೀವಾ-ರೋಚಿಯ ಸಾಧನವು 1896ರಲ್ಲಿಯೂ, ಅದಕ್ಕೆ ಕಿವಿಗೊಟ್ಟು ಕೇಳುವ ಕೊರೊಟ್ಕಾಫನ ವಿಧಾನವು 1905ರಲ್ಲಿಯೂ ಬಂದುವು. ನಾಯಿಯ ಧಮನಿಯನ್ನು ಕೊಯ್ದು ತಿಳಿಯಬೇಕಾಗಿದ್ದುದನ್ನು ಇನ್ನು ಮೇಲೆ ರೋಗಿಗೆ ನೋವಾಗದಂತೆ ತಿಳಿಯಲು ಸಾಧ್ಯವಾಯಿತು. ಅಳತೆ ಸಾಧ್ಯವಾದ ಮೇಲೆ ಬೆನ್ನಿನ ಅರಿವಳಿಕೆಯಲ್ಲಿ ಒತ್ತಡವು ಎಷ್ಟು ಆಳಕ್ಕೆ ಬೀಳುವುದೆಂಬುದೂ ಕಣ್ಣಿಗೆ ಬಿದ್ದಿತು. ಗರ್ಭಿಣಿಯರಿಗೆ ಇದು ಸಲ್ಲದೆಂದು ಅನೇಕರು ಹಿಂಜರಿದರು.

ಈ ಇಳಿತಕ್ಕೆ ದೊರೆತ ಮೊದಲನೆಯ ಒಳ್ಳೆಯ ಮದ್ದಿನ ಮೂಲವು ಸಂಸ್ಕೃತ ವಿದ್ವಾಂಸರಿಗೆ ಕುತೂಹಲವನ್ನುಂಟುಮಾಡತಕ್ಕದ್ದು. ಚೀನೀಯರು ಮಾ-ಹುವಾಂಗ್ ಎನ್ನುವ ಎಫೆಡ್ರಾ ಗಿಡದಿಂದ ಜಪಾನಿನ ನಾಗಾಯಿಯು 1885ರ ವೇಳೆಗೆ ಎಫೆಡ್ರಿನ್ ಎಂಬ ಸಾರವನ್ನು ಬೇರ್ಪಡಿಸಿದನು. ಪೀಕಿಂಗಿನಲ್ಲಿ ಚೆನ್ ಮತ್ತು ಷ್ಮಿಟ್ ಎಂಬವರು 1924ರಲ್ಲಿ ಅದು ರಕ್ತದೊತ್ತಡವನ್ನು ಏರಿಸುವುದೆಂದು ವಿವರಿಸಿದರು. 1927ರ ವೇಳೆಗೆ ಅಮೆರಿಕದಲ್ಲಿ ಅದನ್ನು ಬೆನ್ನಿನ ಅರಿವಳಿಕೆಯ ಜತೆಯಲ್ಲಿ ಕೊಡತೊಡಗಿದರು. ಎಫೆಡ್ರಾದ ಜಾತಿಗಳು ಹಿಮಾಲಯದಲ್ಲಿಯೂ ಬೆಳೆಯುತ್ತವೆ; ಕಲ್ಕತ್ತೆಯಲ್ಲಿ ರಾಮನಾಥ ಚೋಪ್ರಾ ಅವರು ಅವುಗಳ ಗುಣಗಳನ್ನು ಪರಿಶೋಧಿಸಿದರು. ಪಾರಸಿಗಳು ತಮ್ಮ ಯಜನದಲ್ಲಿ ಹೋಮವೆಂದು ಉಪಯೋಗಿಸುವುದು ಈ ಗಿಡವನ್ನೇ. ವೇದದ ಸೋಮವೂ ಇದೇ ಎಂದು ಕೆಲವರ ಮತ. ಅಲ್ಲ, ಅದು ಒಂದು ಬಗೆಯ ಅಣಬೆಯೆಂದು ವ್ಯಾಸನ್ ಎಂಬವನು 1968ರಲ್ಲಿ ವಾದಿಸಿದನು. ಆ ವಿವಾದವನ್ನು ಇಲ್ಲಿ ಬಿಡಿಸಬೇಕಾಗಿಲ್ಲ. ಬಳಲಿಕೆಯನ್ನು ಕಳೆದು ಹುರುಪನ್ನು ಕೊಡುವ ಒಂದು ಗಿಡದ ಸಾರವು ಪ್ರಸೂತಿಯ ಮನೆಯಲ್ಲಿ ಅರ್ಧ ಶತಮಾನ ಕಾಲ ತಾಯಂದಿರನ್ನು ಕಾಯ್ದಿತೆಂಬುದಂತೂ ನಿಶ್ಚಯ.

5. ಮಗ್ಗುಲು, ದ್ರವ, ಮದ್ದು

ಪ್ರತಿಷೇಧದ ಉಪಾಯಗಳು ಮೂರು ದಾರಿಗಳಲ್ಲಿ ಬೆಳೆದುವು. ಮೊದಲನೆಯದು ಮಲಗಿಸುವ ಭಂಗಿ. ಅಂಗಾತ ಮಲಗಿದ ತುಂಬು ಬಸುರಿಯಲ್ಲಿ ಅರಿವಳಿಕೆಯಿಲ್ಲದೆಯೂ ಒತ್ತಡ ಇಳಿಯಬಹುದೆಂಬುದನ್ನು ಅಮೆರಿಕದ ವೈದ್ಯರು 1953ರಲ್ಲಿ ವರ್ಣಿಸಿದರು. ಬರ್ಮಿಂಗ್‌ಹ್ಯಾಮಿನ ಕ್ರಾಫರ್ಡನು 1972ರಲ್ಲಿ, ಶಸ್ತ್ರಕ್ರಿಯೆಯ ಮೇಜಿನ ಮೇಲೆ ತಾಯಿಯನ್ನು ಸ್ವಲ್ಪ ಓರೆಯಾಗಿ ಮಲಗಿಸಿದರೆ ಶಿಶುವಿಗೆ ಹಿತವೆಂದು ತೋರಿಸಿದನು. ಅಂದಿನಿಂದ ಬಲಸೊಂಟದ ಕೆಳಗೆ ಒಂದು ಒತ್ತನ್ನಿಟ್ಟು 15 ಅಂಶಗಳಷ್ಟು ಎಡಕ್ಕೆ ವಾಲಿಸುವುದು ಎಲ್ಲ ಕಡೆಯೂ ರೂಢಿಗೆ ಬಂದಿತು. ಹಳ್ಳಿಯ ಸೂಲಗಿತ್ತಿಯರು ದಿನ ತುಂಬಿದವಳನ್ನು ಮಗ್ಗುಲಾಗಿ ಮಲಗೆಂದು ಹೇಳುವ ಬುದ್ಧಿಮಾತಿಗೂ ಇದಕ್ಕೂ ವಿರೋಧವಿಲ್ಲ. ಆದರೆ 2015ರಲ್ಲಿ ಜಪಾನಿನವರು ಕಾಂತಶಕ್ತಿಯ ಚಿತ್ರಗಳಿಂದ ಪರೀಕ್ಷಿಸಿದಾಗ, 15 ಅಂಶಗಳ ವಾಲಿಕೆಯಿಂದ ಮಹಾಸಿರೆಯ ಅದುಮು ಹೋಗುವುದಿಲ್ಲವೆಂದೂ, 30 ಅಂಶಗಳಾದರೆ ಬಹುಮಟ್ಟಿಗೆ ಸಡಿಲುವುದೆಂದೂ ತಿಳಿದುಬಂದಿತು. ನಾಲ್ವತ್ತು ವರ್ಷಗಳ ಆಚಾರವು ಅಳೆದು ನೋಡಿದಾಗ ಅರ್ಧ ಮಾತ್ರ ನಿಜವಾಯಿತು.

ಎರಡನೆಯದು ದ್ರವ. ನಾಳಗಳು ಸಡಿಲವಾಗಿ ಪಾತ್ರೆಯು ದೊಡ್ಡದಾದರೆ ಅದನ್ನು ತುಂಬಲು ಹೆಚ್ಚು ದ್ರವವನ್ನು ಮೊದಲೇ ಹಾಕಬೇಕೆಂಬುದು ಸಹಜವಾದ ತರ್ಕ. 1968ರಲ್ಲಿ ವೊಲ್‌ಮನ್ ಮತ್ತು ಮಾರ್ಕ್ಸ್ ಎಂಬವರು ಇದನ್ನು ಸಮರ್ಥಿಸಿದ ಮೇಲೆ, ಸೂಜಿ ಹಾಕುವುದಕ್ಕೆ ಮುಂಚೆ ಒಂದು ಲೀಟರಿಗೂ ಮಿಕ್ಕು ಲವಣದ್ರವವನ್ನು ಸಿರೆಯಲ್ಲಿ ಹರಿಸುವುದು ವಿಧಿಯಂತಾಯಿತು. ದಕ್ಷಿಣ ಆಫ್ರಿಕದ ಡರ್ಬಾನಿನಲ್ಲಿ ರೌಟ್ ಮೊದಲಾದವರು 1993ರಲ್ಲಿ ಈ ವಿಧಿಯನ್ನು ಪರೀಕ್ಷೆಗೆ ಒಡ್ಡಿದರು. ದ್ರವವನ್ನು ಮೊದಲೇ ಕೊಡದವರಲ್ಲಿ 100ಕ್ಕೆ 71 ಮಂದಿಗೆ ಒತ್ತಡ ಇಳಿಯಿತು. ಕೊಟ್ಟವರಲ್ಲಿಯೂ 55 ಮಂದಿಗೆ ಇಳಿಯಿತು. ಉಪಕಾರವಿದೆ, ಆದರೆ ಸಾಲದು. ಮೊದಲೇ ಕೊಟ್ಟ ತೆಳುವಾದ ದ್ರವವು ನಾಳಗಳಲ್ಲಿ ನಿಲ್ಲದೆ ಬೇಗನೆ ಹೊರಕ್ಕೆ ಜಿನುಗಿಹೋಗುವುದೇ ಇದಕ್ಕೆ ಕಾರಣ. ಆದುದರಿಂದ ಮದ್ದು ಚುಚ್ಚುವ ಹೊತ್ತಿಗೆ ಸರಿಯಾಗಿ ಅದನ್ನು ಬಿರುಸಾಗಿ ಹರಿಸುವ ಕ್ರಮವು 2004ರ ಸುಮಾರಿನಲ್ಲಿ ಮುಂದೆ ಬಂದಿತು. ಕಟ್ಟೆಯೊಡೆದ ಕಾಲುವೆಗೆ ನೀರು ಬಿಡುವ ಹೊತ್ತು ಮುಖ್ಯವೆಂಬುದು ಸಿಂಧನೂರಿನ ಒಕ್ಕಲಿಗನಿಗೆ ಹೇಳಬೇಕಾದ ಮಾತಲ್ಲ.

ಮೂರನೆಯದು ಮದ್ದು. 1974ರಲ್ಲಿ ಅಮೆರಿಕದ ರಾಲ್‌ಸ್ಟನ್, ಷ್ನೈಡರ್ ಮೊದಲಾದವರು ಬಸುರಿ ಕುರಿಗಳಲ್ಲಿ ನಾಲ್ಕಾರು ಮದ್ದುಗಳನ್ನು ಪರೀಕ್ಷಿಸಿ, ನಾಳಗಳನ್ನು ಬಿಗಿಗೊಳಿಸುವ ಇತರ ಮದ್ದುಗಳು ಗರ್ಭಕೋಶದ ರಕ್ತವನ್ನು ಕಡಮೆಮಾಡುವುವೆಂದೂ ಎಫೆಡ್ರಿನ್ ಮಾತ್ರ ಹಾಗೆ ಮಾಡುವುದಿಲ್ಲವೆಂದೂ ಕಂಡುಕೊಂಡರು. ಕುರಿಯಿಂದ ಹೆಂಗಸಿಗೆ ಈ ನಿರ್ಣಯವು ಹಾಗೆಯೇ ಹರಿದುಬಂದು, ಸುಮಾರು ಮೂವತ್ತು ವರ್ಷ ಕಾಲ ಎಫೆಡ್ರಿನನ್ನು ಬಿಟ್ಟು ಬೇರೆಯ ಮದ್ದನ್ನು ಕೊಡುವುದು ಅವಿವೇಕವೆನ್ನಿಸಿಕೊಂಡಿತು. ಭಾರತದ ಆಸ್ಪತ್ರೆಗಳಲ್ಲಿ ಅದರ ಬಂಧುವಾದ ಮೆಫೆಂಟರ್ಮಿನ್ ಬಹುವಾಗಿ ಬಳಕೆಯಲ್ಲಿತ್ತು. ಹಾಂಗ್‌ಕಾಂಗಿನ ಙಾನ್ ಕೀ ಎಂಬ ವೈದ್ಯನೂ ಅವನ ಸಂಗಡಿಗರೂ ಪ್ರಶ್ನೆಯನ್ನು ಬೇರೆಯ ರೀತಿಯಲ್ಲಿ ಕೇಳಿದರು. ಕುರಿಯ ಗರ್ಭಕೋಶದಲ್ಲಿ ಎಷ್ಟು ರಕ್ತ ಹರಿಯಿತೆಂಬುದನ್ನಲ್ಲ, ಹುಟ್ಟಿದ ಶಿಶುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಎಷ್ಟು ಆಮ್ಲವಿದೆಯೆಂಬುದನ್ನು ಅಳೆದರು. ಎಫೆಡ್ರಿನ್ ಮಾಸನ್ನು ದಾಟಿ ಶಿಶುವನ್ನು ಸೇರಿ ಅದರ ರಕ್ತದಲ್ಲಿ ಆಮ್ಲವನ್ನು ಹೆಚ್ಚಿಸುತ್ತದೆ; ದೂರವಿಟ್ಟಿದ್ದ ಫಿನೈಲ್‌ಎಫ್ರಿನ್ ಹಾಗೆ ಮಾಡುವುದಿಲ್ಲವೆಂದು ಸ್ಪಷ್ಟವಾಯಿತು. 2005ರಲ್ಲಿ ಅವರು ಫಿನೈಲ್‌ಎಫ್ರಿನನ್ನು ಆರಂಭದಿಂದಲೇ ಸಣ್ಣ ಧಾರೆಯಾಗಿ ಹರಿಸಿ, ಅದರೊಡನೆ ದ್ರವವನ್ನೂ ಬಿರುಸಾಗಿ ಕೊಟ್ಟಾಗ, 53 ಮಂದಿ ತಾಯಂದಿರಲ್ಲಿ ಒತ್ತಡ ಇಳಿದುದು ಒಬ್ಬಳಿಗೆ ಮಾತ್ರ. ಒತ್ತಡ ಬಿದ್ದಮೇಲೆ ಮೇಲೆತ್ತುವ ಚಿಕಿತ್ಸೆಯು ಬೀಳದಂತೆ ಹಿಡಿಯುವ ಪ್ರತಿಷೇಧವಾದುದು ಇಲ್ಲಿಯೇ.

ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯೂ ಯಾವ ಒಂದೇ ಉಪಾಯದಿಂದಲೂ ಇಳಿತವು ಪೂರ್ತಿಯಾಗಿ ತಪ್ಪುವುದಿಲ್ಲವೆಂದು ಹೇಳಿತು. ನಾನಾ ದೇಶಗಳ ತಜ್ಞರು ಸೇರಿ 2018ರಲ್ಲಿ ಒಂದು ಸಮ್ಮತಪತ್ರವನ್ನು ಹೊರಡಿಸಿದರು. ಮೇಲಿನ ಒತ್ತಡವನ್ನು ಮೊದಲಿದ್ದ ಮಟ್ಟದ 100ಕ್ಕೆ 90ರಷ್ಟಾದರೂ ಕಾಪಾಡಲು ಯತ್ನಿಸಬೇಕು, 80ಕ್ಕಿಂತ ಕೆಳಗೆ ಇಳಿಯಗೊಡಬಾರದು. ಬೆನ್ನಿಗೆ ಮದ್ದು ಹಾಕಿದ ಕೂಡಲೆ ಫಿನೈಲ್‌ಎಫ್ರಿನನ್ನು ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಮಿನಂತೆ ಹರಿಸಬೇಕು. ಅದರೊಡನೆ ದ್ರವವನ್ನೂ, ಎಡಕ್ಕೆ ವಾಲಿಸುವುದನ್ನೂ ಬಿಡಬಾರದು. ಇದು ಅದರ ಸಾರಾಂಶ. 1889ರಲ್ಲಿ ಇಳಿತವೇ ರಕ್ಷಣೆಯೆಂದಿದ್ದ ಮಾತು 2018ರಲ್ಲಿ ಇಳಿತಕ್ಕೆ ಎಡೆಗೊಡಬಾರದೆಂಬ ಮಾತಾಯಿತು.

6. ದ್ರವದ ಪಾತ್ರೆ

ಈ ಮೂರು ಉಪಾಯಗಳಲ್ಲಿ ತೀರ ಸಾಮಾನ್ಯವಾದುದೂ, ಯಾರೂ ಶಂಕಿಸದೆ ಇದ್ದುದೂ ದ್ರವ. ಅದಕ್ಕೂ ಒಂದು ಚರಿತ್ರೆಯುಂಟು. ಲಂಡನ್ನಿನ ಸಿಡ್ನಿ ರಿಂಗರನು 1880ರ ದಶಕದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದು ಬಡಿಯುವುದನ್ನು ನೋಡುತ್ತಿದ್ದನು. ಬಡಿತವು ಚೆನ್ನಾಗಿ ನಡೆದುದಕ್ಕೆ ಕಾರಣ ಉಪ್ಪೊಂದೇ ಅಲ್ಲ, ಬಟ್ಟಿಯಿಳಿಸಿದ ನೀರಿಗೆ ಬದಲಾಗಿ ನಲ್ಲಿಯ ನೀರನ್ನು ಬಳಸಿದುದರಿಂದ ಅದರಲ್ಲಿದ್ದ ಸುಣ್ಣದ ಅಂಶ, ಎಂಬುದು ಅನಂತರ ತಿಳಿಯಿತು. ನೀರಿನಲ್ಲಿರುವ ಕಣ್ಣಿಗೆ ಕಾಣದ ಅಂಶವು ಹೃದಯವನ್ನು ನಡೆಸಬಲ್ಲುದು, ನಿಲ್ಲಿಸಲೂ ಬಲ್ಲುದು ಎಂಬ ತತ್ತ್ವವು ಈ ದ್ರವದ ಹುಟ್ಟಿನಲ್ಲಿಯೇ ಇದೆ. ಅಮೆರಿಕದ ಹಾರ್ಟ್‌ಮನ್ ಎಂಬ ಮಕ್ಕಳ ವೈದ್ಯನು 1930ರ ದಶಕದಲ್ಲಿ ಅದಕ್ಕೆ ಲ್ಯಾಕ್ಟೇಟನ್ನು ಸೇರಿಸಿದನು. ರಿಂಗರ್ಸ್ ಲ್ಯಾಕ್ಟೇಟ್ ಎಂಬ ಆ ದ್ರವವು ಇಂದು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯ ಪ್ರಸೂತಿ ವಿಭಾಗದಲ್ಲಿಯೂ ತೂಗುತ್ತಿರುತ್ತದೆ. ಜನರು ಅದನ್ನು ‘ಸಲೈನು’ ಅಥವಾ ‘ಗ್ಲೂಕೋಸು’ ಎಂದೇ ಕರೆಯುತ್ತಾರೆ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಝೇರಿಯನ್ ಆದ ಕೆಲವರು ಬಾಣಂತಿಯರಿಗೆ ಮೂತ್ರಪಿಂಡಗಳೂ ಇತರ ಅಂಗಗಳೂ ಕೆಟ್ಟು, ಅವರಲ್ಲಿ ಐವರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಕೊಟ್ಟಿದ್ದ ರಿಂಗರ್ಸ್ ಲ್ಯಾಕ್ಟೇಟಿನ ಮೇಲೆ ಸಂದೇಹ ಬಂದು, ಆ ತಯಾರಕರ ದ್ರವದ ಬಳಕೆಯನ್ನು ರಾಜ್ಯವು ನಿಲ್ಲಿಸಿತು. ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು. ಅದೇ ತಯಾರಕರ ದ್ರವದ ಕೆಲವು ತಂಡಗಳು ಹಿಂದೆ ರಾಜ್ಯದ ಪರೀಕ್ಷೆಯಲ್ಲಿ ಗುಣಮಟ್ಟಕ್ಕೆ ಸಲ್ಲದೆ, ಕೇಂದ್ರದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಸಂದಿದ್ದುವೆಂಬುದೂ ಆಗ ಹೊರಬಿದ್ದಿತು. ಈ ವಾರ್ತೆಯ ಬೆನ್ನಲ್ಲಿಯೇ, 2024ರ ಅಕ್ಟೋಬರಿನಲ್ಲಿ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಝೇರಿಯನ್ ಆದ ನಾಲ್ವರು ಬಾಣಂತಿಯರು ತೀರಿಕೊಂಡ ವಿಷಯವೂ ಪತ್ರಿಕೆಗಳಲ್ಲಿ ಬಂದಿತು. ಅವರಲ್ಲಿ ಪ್ರತಿಯೊಬ್ಬರ ಮರಣಕ್ಕೂ ಕಾರಣವನ್ನು ಗೊತ್ತುಮಾಡುವುದು ತನಿಖೆಯವರ ಕೆಲಸ. ಒಂದೂರಿನ ಕಾರಣವನ್ನು ಇನ್ನೊಂದೂರಿಗೆ ಆರೋಪಿಸುವುದು ಸೋಪಾಧಿಕ ವ್ಯಾಪ್ತಿಯ ದೋಷಕ್ಕೇ ಎಡೆಗೊಡುತ್ತದೆ. ಆದರೆ ಈ ಘಟನೆಗಳಿಂದ ಎದ್ದ ಪ್ರಶ್ನೆಯನ್ನು ಇತಿಹಾಸವು ಬಿಡಲಾಗದು. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳಲ್ಲಿ ಶಸ್ತ್ರವೈದ್ಯನು ತಾಯಿಯ ಒತ್ತಡವನ್ನು ಪ್ರತ್ಯಕ್ಷವಾಗಿ ಅಳೆಯುತ್ತಾನೆ. ಅದು ಇಳಿಯುವುದೆಂಬುದನ್ನು ಅನುಮಾನದಿಂದ ಮೊದಲೇ ತಿಳಿಯುತ್ತಾನೆ. ಬಾಟಲಿಯೊಳಗಿನ ದ್ರವದ ವಿಷಯದಲ್ಲಿ ಮಾತ್ರ ಮೇಲೆ ಅಂಟಿಸಿದ ಚೀಟಿಯ ಆಪ್ತವಾಕ್ಯವನ್ನು ನಂಬುತ್ತಾನೆ. ಬೇರೆ ದಾರಿಯೂ ಅವನಿಗಿಲ್ಲ. ಆಪ್ತನೆಂಬವನು ಯಥಾರ್ಥವನ್ನು ತಿಳಿದು ಯಥಾರ್ಥವನ್ನೇ ಹೇಳುವವನು. ಇಬ್ಬರು ಆಪ್ತರು ಒಂದೇ ವಸ್ತುವಿನ ವಿಷಯದಲ್ಲಿ ಪರಸ್ಪರ ವಿರುದ್ಧವಾಗಿ ನುಡಿದಾಗ ಸಂಶಯವು ತೀರುವವರೆಗೆ ಪ್ರವೃತ್ತಿಯನ್ನು ತಡೆಯುವುದೇ ವಿವೇಕ. ಈ ತಡೆಯೂ ಅನಾಗತಾಬಾಧಪ್ರತಿಷೇಧವೇ ಆಗಿದೆ.

ಸಂಖ್ಯೆಗಳೂ ಈ ಪ್ರಶ್ನೆಯ ಭಾರವನ್ನು ತೋರಿಸುತ್ತವೆ. ಭಾರತ ಸರಕಾರದ 2018-20ರ ಗಣನೆಯಲ್ಲಿ ಲಕ್ಷ ಜೀವಂತ ಜನನಗಳಿಗೆ ಸತ್ತ ತಾಯಂದಿರು ಇಡೀ ದೇಶದಲ್ಲಿ 97, ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದೇಶದ ಸರಾಸರಿಗಿಂತ ಉತ್ತಮವಾಗಿದ್ದರೂ ಈ ಐದು ದಕ್ಷಿಣ ರಾಜ್ಯಗಳಲ್ಲಿ ಕರ್ನಾಟಕವು ಕಡೆಯದು. ಲಿಂಗಸುಗೂರಿನಿಂದಲೂ ಸಿಂಧನೂರಿನಿಂದಲೂ ಜಿಲ್ಲೆಯ ಮುಖ್ಯಪಟ್ಟಣವಾದ ರಾಯಚೂರು ಎಂಭತ್ತಕ್ಕೂ ಮಿಕ್ಕ ಕಿಲೋಮೀಟರುಗಳ ದೂರ. ಅಲ್ಲಿ ಸರಕಾರದ ವೈದ್ಯ ಮಹಾವಿದ್ಯಾಲಯ ಸ್ಥಾಪಿತವಾದುದು 2007ರಲ್ಲಿ. ಅರಿವಳಿಕೆಯ ತಜ್ಞರು ಸಾಲದ ಕಡೆಗಳಿಗಾಗಿ, ಸಾಮಾನ್ಯ ವೈದ್ಯರಿಗೆ ಕೆಲವು ವಾರಗಳ ಶಿಕ್ಷಣವನ್ನು ಕೊಟ್ಟು ಪ್ರಸವದ ತುರ್ತಿನಲ್ಲಿ ಅರಿವಳಿಕೆ ಕೊಡಲು ಅಣಿಗೊಳಿಸುವ ಯೋಜನೆಯನ್ನು ಭಾರತ ಸರಕಾರವು ನಡೆಸಿಕೊಂಡು ಬಂದಿದೆ. ಅಂಥ ವೈದ್ಯನೊಬ್ಬನು ರಾತ್ರಿಯ ಹೊತ್ತಿನಲ್ಲಿ ಒಬ್ಬ ದಾದಿಯ ನೆರವಿನಿಂದ ಸೂಜಿ ಹಾಕುವಾಗ ಹಾಂಗ್‌ಕಾಂಗಿನ ಪರಿಶೋಧನೆಯು ಅವನ ಕೈಗೆ ಬರಬೇಕಾದರೆ ಮದ್ದು, ಅದನ್ನು ಅಳೆದು ಹರಿಸುವ ಸಾಧನ, ನಿಮಿಷನಿಮಿಷಕ್ಕೂ ಒತ್ತಡವನ್ನು ತೋರಿಸುವ ಯಂತ್ರ, ನಂಬತಕ್ಕ ದ್ರವ, ಇವು ನಾಲ್ಕೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೆ ಉಳಿದ ಮೂರರ ಫಲವೂ ಸಂದಿಗ್ಧ.

7. ಉಪಸಂಹಾರ

ಈವರೆಗಿನ ವಿಚಾರದಿಂದ ಸಿದ್ಧಿಸುವ ಅಂಶಗಳು ಇವು. ಒಂದನೆಯದು: ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿಯುವುದು ನಿರಪಾಯವೆಂದು 1889ರಲ್ಲಿ ಹೈದರಾಬಾದಿನಲ್ಲಿ ಆದ ತೀರ್ಮಾನವು ಪೂರ್ವಪಕ್ಷವಾಗಿ ಉಳಿಯಿತೇ ಹೊರತು ಸಿದ್ಧಾಂತವಾಗಲಿಲ್ಲ. ಎರಡನೆಯದು: ಅನಂತರದ ಕಾಲದಲ್ಲಿ ಸಿದ್ಧಾಂತವೆನ್ನಿಸಿಕೊಂಡ ವಾಲಿಕೆ, ಮುಂಗಡದ ದ್ರವ, ಎಫೆಡ್ರಿನ್ ಇವು ಮೂರೂ ಮರುಪರೀಕ್ಷೆಯಲ್ಲಿ ಸ್ವಲ್ಪವೋ ಬಹಳವೋ ಹಿಂದೆ ಸರಿದುವು. ಪ್ರತಿಯೊಂದು ಸಲವೂ ತಪ್ಪನ್ನು ತಿದ್ದಿದುದು ತಾಯಿಯನ್ನೂ ಶಿಶುವನ್ನೂ ನೇರವಾಗಿ ನೋಡಿ ಅಳೆದ ಪರೀಕ್ಷೆ. ನಾಯಿ, ಕುರಿ, ರೂಢಿ ಇವುಗಳಿಂದ ಎಳೆದು ತಂದ ಅನುಮಾನವಲ್ಲ. ಮೂರನೆಯದು: ಬಿದ್ದುದನ್ನು ಎತ್ತುವುದಕ್ಕಿಂತ ಬೀಳದಂತೆ ಹಿಡಿಯುವುದು ಮೇಲೆಂಬ ಸುಶ್ರುತನ ಅಧ್ಯಾಯನಾಮದ ಅರ್ಥವು ಈ ಕಾಲದ ಪರಿಶೋಧನೆಯಿಂದ ಸಮರ್ಥಿತವಾಗಿದೆ. ನಾಲ್ಕನೆಯದು: ಪ್ರತಿಷೇಧದ ಸರಪಣಿಯು ಶಸ್ತ್ರಕ್ರಿಯೆಯ ಮೇಜಿನ ಬಳಿಯಲ್ಲಿ ಆರಂಭವಾಗುವುದಿಲ್ಲ, ದ್ರವವನ್ನು ಕಾಯಿಸಿ ತುಂಬುವ ಕಾರ್ಖಾನೆಯಲ್ಲಿಯೂ, ಅದನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿಯೂ ಆರಂಭವಾಗುತ್ತದೆ.

ಮೂಢಗರ್ಭದ ಪ್ರಕರಣದಲ್ಲಿ ಸುಶ್ರುತನು, ತಾಯಿಯು ಸತ್ತು ಗರ್ಭವು ಇನ್ನೂ ಮಿಡಿಯುತ್ತಿದ್ದರೆ ಕುಕ್ಷಿಯನ್ನು ಭೇದಿಸಿ ಶಿಶುವನ್ನು ತೆಗೆಯಬೇಕೆಂದು ವಿಧಿಸಿದ್ದಾನೆ. ಅಲ್ಲಿ ಶಸ್ತ್ರವು ತಾಯಿಯ ಮರಣವನ್ನು ಕಾದಿರುತ್ತಿತ್ತು. ಈಗ ಅದೇ ಶಸ್ತ್ರವನ್ನು ತಾಯಿಯೂ ಶಿಶುವೂ ಇಬ್ಬರೂ ಬದುಕಲೆಂದು ಎತ್ತುವುದು. ಆದುದರಿಂದ ಅದನ್ನು ಎತ್ತುವುದಕ್ಕೆ ಮುಂಚೆ ಮಾಡಬೇಕಾದ ರಕ್ಷಣೆಯ ಭಾರವೂ ಅಷ್ಟಕ್ಕಷ್ಟು ಹೆಚ್ಚಿದೆ; ಸಿಂಧನೂರಿನ ತಾಯಿಗೂ ಹಾಂಗ್‌ಕಾಂಗಿನ ತಾಯಿಗೂ ಈ ವಿಷಯದಲ್ಲಿ ಅಧಿಕಾರಭೇದವಿಲ್ಲ.